ಹಾವು ಸಾಕುವ ಆಸೆ

ನೀಲಗಿರಿ ಜಿಲ್ಲೆಯ ಕೂನೂರು ಸಮೀಪದ ಹುಬ್ಬತಲೈಯಿಂದ ನಮ್ಮ ವಾಚಕರೊಬ್ಬರು ಬರೆದ ಪತ್ರ ಕಳೆದ ವಾರ ಕೈಸೇರಿದೆ. ಅವರು ಮೂಲತಃ ನಮ್ಮ ಕಾಸರಗೋಡಿನ ಕಡೆಯವರೇ. ಚಹಾ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಪತ್ರಿಕೆಯನ್ನು ಅಂಚೆಯಲ್ಲಿ ತರಿಸಿಕೊಂಡು, ಎರಡು ಮೂರು ದಿನ ತಡವಾಗಿಯಾದರೂ ಬಿಡದೆ ಓದುವವರು. ಹತ್ತನೆಯ ತರಗತಿಯಲ್ಲಿರುವ ಅವರ ಮಗನಿಗೆ ಬೋವಾ ಹಾವೊಂದನ್ನು ಸಾಕಬೇಕೆಂಬ ಹಂಬಲ ಹುಟ್ಟಿದೆಯಂತೆ. ಮೊಬೈಲಿನಲ್ಲಿ ನೋಡಿದ್ದಾನೆ, ಪುಸ್ತಕ ತಂದು ಓದಿದ್ದಾನೆ, ಮನೆಯಲ್ಲಿ ಹಠ ಹಿಡಿದಿದ್ದಾನೆ. ಕೆಳಗಿನ ಬಯಲುಸೀಮೆಯ ವ್ಯಾಪಾರಿಯೊಬ್ಬ ಎರಡು ಬಗೆಯ ಮಾಲು ಇದೆಯೆಂದು ತಿಳಿಸಿದ್ದಾನೆ: ಒಂದು ವಿದೇಶದ ಬೋವಾ ಮರಿ, ಇನ್ನೊಂದು ಊರಿನದೇ ‘ಎರಡು ತಲೆ ಹಾವು’. ಕಾಗದ ಪತ್ರ ಏನೂ ಬೇಡ, ಬೇಕಾದರೆ ಆಮೇಲೆ ಮಾಡಿಸಿಕೊಡುತ್ತೇನೆ ಎಂದಿದ್ದಾನೆ. ಹಣ ಇನ್ನೂ ಕೈ ಬದಲಾಗಿಲ್ಲ. ‘ಯಾವುದನ್ನು ಆರಿಸಲಿ, ಹೇಗೆ ನೋಡಿಕೊಳ್ಳಲಿ, ಕೇಳೋಣವೆಂದರೆ ನಮ್ಮ ಭಾಷೆಯಲ್ಲಿ ಹೇಳುವವರು ಇಲ್ಲಿ ಯಾರೂ ಇಲ್ಲ’ ಎಂಬುದು ಪತ್ರದ ಸಾರಾಂಶ.

ಕೆಲವರಿಗೆ ಇದು ನಗೆಯ ವಿಷಯವಾಗಿ ಕಾಣಬಹುದು. ನಮಗೆ ಹಾಗೆ ಕಾಣಲಿಲ್ಲ. ಯಾಕೆಂದರೆ ಇಂತಹ ಆಸೆ ಹುಬ್ಬತಲೈಯ ಒಬ್ಬ ಹುಡುಗನದು ಮಾತ್ರವಲ್ಲ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ 2023ರ ಸೆಪ್ಟೆಂಬರ್ ತಿಂಗಳಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಗಳನ್ನು ಬಿಡಿಸಿದಾಗ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು ಜೀವಂತವಾಗಿಯೂ, ಆರು ಕಪುಚಿನ್ ಕೋತಿಗಳು ಹೆಣವಾಗಿಯೂ ಸಿಕ್ಕಿದವು. ಅದೇ ವರ್ಷ ಏಪ್ರಿಲಿನಲ್ಲಿ ಕೌಲಾಲಂಪುರದಿಂದ ಚೆನ್ನೈಗೆ ಬಂದಿಳಿದ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ 22 ಹಾವುಗಳಿದ್ದವು. ಕೊಳ್ಳುವವರಿಲ್ಲದೆ ಯಾರೂ ತರುವುದಿಲ್ಲ. ಆ ಕೊಳ್ಳುವವರಲ್ಲಿ ಬಹುಪಾಲು ಮಂದಿ ದುಷ್ಟರೂ ಅಲ್ಲ. ಹುಡುಗನ ಆಸೆ ನೆರವೇರಿಸಬೇಕೆನ್ನುವ ತಂದೆಯರು, ಮೊದಲ ಸಂಬಳ ಕೈಗೆ ಬಂದ ತರುಣರು.

ಮೊದಲು ‘ಎರಡು ತಲೆ ಹಾವಿ’ನ ಮಾತು. ಇದನ್ನು ಕನ್ನಡದಲ್ಲಿ ಮಣ್ಣುಮುಕ್ಕ ಎಂದೂ ಕರೆಯುತ್ತಾರೆ. ತಮಿಳಿನಲ್ಲಿ ಮಣ್ಣುಳಿ ಪಾಂಬು, ನಮ್ಮ ನೆರೆಯ ಮಲಯಾಳಿಗಳ ಬಾಯಲ್ಲಿ ಇರುತಲಮೂರಿ. ಬೋವಾ ಎಂದರೆ ಅಮೆರಿಕದ ಹಾವು ಎಂದೇ ನಾವು ತಿಳಿದಿದ್ದರೂ ಈ ಮಣ್ಣುಮುಕ್ಕ ಬೋವಾ ಕುಲದ್ದೇ. ಭಾರತದಲ್ಲಿ ಇದರ ಮೂರು ಜಾತಿಗಳಿವೆ. ಕೆಂಪು ಮಣ್ಣುಮುಕ್ಕನನ್ನು ಪ್ಯಾಟ್ರಿಕ್ ರಸೆಲ್ 1801ರಲ್ಲಿ ವರ್ಣಿಸಿ, ತರಂಗಂಬಾಡಿಯಲ್ಲಿದ್ದ ಮಿಶನರಿ ಜಾನ್ ಎಂಬವರ ಹೆಸರನ್ನು ಅದಕ್ಕೆ ಇಟ್ಟರು. ಎರಡನೆಯದು ಒರಟು ಹುರುಪೆಯ ಮಣ್ಣುಮುಕ್ಕ. ಮೂರನೆಯದನ್ನು ವಿಜ್ಞಾನಿಗಳು ಪ್ರತ್ಯೇಕ ಜಾತಿಯೆಂದು ಗುರುತಿಸಿದ್ದು 1991ರಲ್ಲಷ್ಟೆ. ರೊಮುಲಸ್ ವಿಟೇಕರ್ ಅವರ ಹೆಸರು ಹೊತ್ತ ಆ ಹಾವಿನ ನೆಲೆ ನಮ್ಮ ಪಶ್ಚಿಮ ಕರಾವಳಿಯೇ ಎಂಬುದು ಕಾಸರಗೋಡಿನ ಎಷ್ಟು ಜನಕ್ಕೆ ಗೊತ್ತು?

ಕೆಂಪು ಮಣ್ಣುಮುಕ್ಕನಿಗೆ ಎರಡು ತಲೆ ಇಲ್ಲ. ಬಾಲ ಮೊಂಡಾಗಿ ತಲೆಯಂತೆ ಕಾಣುತ್ತದೆ, ಅಷ್ಟೆ. ಹೆದರಿದಾಗ ಅದು ತಲೆಯನ್ನು ಸುರುಳಿಯೊಳಗೆ ಅಡಗಿಸಿ ಬಾಲವನ್ನು ಮುಂದೆ ಮಾಡುತ್ತದೆ. ವೈರಿ ಬಾಲವನ್ನು ಕಚ್ಚಿದರೆ ಜೀವ ಉಳಿಯುತ್ತದಲ್ಲ! ಪಾಪದ ಪ್ರಾಣಿಯ ಈ ಉಪಾಯವೇ ಅದಕ್ಕೆ ಮುಳುವಾಗಿದೆ. ಮನೆಯಲ್ಲಿದ್ದರೆ ಐಶ್ವರ್ಯ, ನಿಧಿ ತೋರಿಸುತ್ತದೆ, ರೋಗ ವಾಸಿಯಾಗುತ್ತದೆ, ಇಷ್ಟು ಕಿಲೋ ತೂಗಿದರೆ ಇಷ್ಟು ಲಕ್ಷ, ಇನ್ನಷ್ಟು ತೂಗಿದರೆ ಕೋಟಿ ಎಂದೆಲ್ಲಾ ಕಥೆ ಕಟ್ಟಿ, ಆ ಕಥೆಯ ಮೇಲೆ ಒಂದು ಕಳ್ಳ ವ್ಯಾಪಾರವೇ ನಿಂತಿದೆ. 2016ರಿಂದ 2021ರ ವರೆಗಿನ ವರದಿಗಳನ್ನು ಕಲೆಹಾಕಿದ ವನ್ಯಜೀವಿ ಸಂಸ್ಥೆಯೊಂದು 18 ರಾಜ್ಯಗಳಲ್ಲಿ ಹಾಗೂ ಒಂದು ಕೇಂದ್ರಾಡಳಿತ ಪ್ರದೇಶದಲ್ಲಿ ಇಂತಹ 172 ಪ್ರಕರಣಗಳನ್ನು ಲೆಕ್ಕ ಮಾಡಿತು. ಸಿಕ್ಕಿಬಿದ್ದವು ಇಷ್ಟಾದರೆ ಸಿಗದವು ಎಷ್ಟಿರಬಹುದು! ಈ ಹಾವು ಕೊಂಡು ಕೋಟಿ ಗಳಿಸಿದ ಒಬ್ಬನೇ ಒಬ್ಬ ಗೃಹಸ್ಥನನ್ನು ನಾವು ಕಂಡಿಲ್ಲ. ಮುಂಗಡ ಕೊಟ್ಟು ಕೈಸುಟ್ಟುಕೊಂಡವರ ಕಥೆಗಳು ಮಾತ್ರ ಬೇಕಾದಷ್ಟು ಕಿವಿಗೆ ಬಿದ್ದಿವೆ.

ಮಣ್ಣುಮುಕ್ಕನನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಅಪರಾಧ. ‘ನಮ್ಮ ತೋಟದಲ್ಲೇ ಸಿಕ್ಕಿದ್ದು, ಆದುದರಿಂದ ನಮ್ಮದು’ ಎಂಬ ವಾದ ನಡೆಯುವುದಿಲ್ಲ. ತೋಟ ನಮ್ಮದಿರಬಹುದು, ಹಾವು ಸರಕಾರದ್ದು. ಈ ಕಾನೂನಿನಡಿ ಮೂರು ವರ್ಷಗಳ ತನಕ ಸೆರೆವಾಸ, ಒಂದು ಲಕ್ಷ ರೂಪಾಯಿಯ ತನಕ ದಂಡ ಬೀಳಬಹುದು. ಹೆಬ್ಬಾವಿನಂತೆ ಮೊದಲನೆಯ ಪಟ್ಟಿಯಲ್ಲಿರುವ ಪ್ರಾಣಿಯಾದರೆ ಸೆರೆವಾಸ ಏಳು ವರ್ಷದ ತನಕ ಹೋಗುತ್ತದೆ. ಹತ್ತನೆಯ ತರಗತಿಯ ಹುಡುಗನ ಕೌತುಕಕ್ಕೆ ಅವನ ತಂದೆ ಕೋರ್ಟು ಹತ್ತುವಂತಾಗಬಾರದು.

ಹುಬ್ಬತಲೈಯ ಮಟ್ಟಿಗೆ ಇನ್ನೂ ಒಂದು ವಿಷಯವಿದೆ. ಕೆಂಪು ಮಣ್ಣುಮುಕ್ಕ ಬಯಲಿನ ಒಣ ನೆಲದ ಹಾವು. ಆರು ಸಾವಿರ ಅಡಿ ಎತ್ತರದ ಕೂನೂರಿನ ಚಹಾ ತೋಟದ ತಂಪು ಮಣ್ಣು ಅದರ ನೆಲೆಯಲ್ಲ. ಆದರೆ ಅಲ್ಲಿ ಗುದ್ದಲಿಯ ಏಟಿಗೆ, ಗೊಬ್ಬರದ ಗುಂಡಿಯಲ್ಲಿ ಒಂದೂವರೆ ಗೇಣು ಉದ್ದದ, ಬಾಲ ಮೊಂಡಾದ ಕಂದು ಹಾವೊಂದು ಆಗಾಗ ಕಾಣಸಿಗುತ್ತದೆ. ಅದನ್ನೂ ‘ಎರಡು ತಲೆ’ ಎನ್ನುವವರಿದ್ದಾರೆ. ಅದು ಬೋವಾ ಅಲ್ಲ. ಪೆರೊಟೆ ಎಂಬ ಫ್ರೆಂಚ್ ಸಸ್ಯವಿಜ್ಞಾನಿಯ ಹೆಸರು ಹೊತ್ತ, ಎರೆಹುಳ ತಿಂದು ಬದುಕುವ ನೀಲಗಿರಿಯ ಮಣ್ಣುಹಾವು. ಪಶ್ಚಿಮ ಘಟ್ಟದ ದಕ್ಷಿಣ ಭಾಗವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದಿಲ್ಲ. ಕಚ್ಚುವುದಿಲ್ಲ, ವಿಷವಿಲ್ಲ. ಪೆಟ್ಟಿಗೆಯಲ್ಲಿಟ್ಟರೆ ಬದುಕುವುದೂ ಇಲ್ಲ. ಆ ಹುಡುಗನಿಗೆ ನಾವು ಹೇಳುವುದಿಷ್ಟೆ: ಲಕ್ಷ ಕೊಟ್ಟರೂ ಬೇರೆ ದೇಶದವರಿಗೆ ನೋಡಸಿಗದ ಹಾವು ನಿನ್ನ ಮನೆಯ ಹಿಂದಿನ ತೋಟದಲ್ಲಿದೆ. ಮಳೆ ಬಿಟ್ಟ ದಿನ ಹೋಗಿ ನೋಡು, ಚಿತ್ರ ಬರೆ, ತಾರೀಕು ಹಾಕಿ ನೋಟ್ ಬುಕ್ಕಿನಲ್ಲಿ ಬರೆದಿಡು, ಮಣ್ಣು ಮುಚ್ಚಿ ಬಾ.

ಒಂದು ಎಚ್ಚರಿಕೆ ಇಲ್ಲಿ ಅವಶ್ಯ. ಒರಟು ಹುರುಪೆಯ ಮಣ್ಣುಮುಕ್ಕನಿಗೂ ಕೊಳಕುಮಂಡಲಕ್ಕೂ, ಹೆಬ್ಬಾವಿನ ಮರಿಗೂ ಕೊಳಕುಮಂಡಲಕ್ಕೂ ಮೈಮೇಲಿನ ಮಚ್ಚೆಗಳಲ್ಲಿ ಹೋಲಿಕೆ ಇದೆ. ಇದರಿಂದ ಎರಡು ಕೇಡು. ಮಂಡಲದ ಹಾವೆಂದು ಬಗೆದು ನಿರುಪದ್ರವಿ ಹಾವನ್ನು ಹೊಡೆದು ಕೊಲ್ಲುವುದು ಒಂದು. ಹೆಬ್ಬಾವಿನ ಮರಿಯೆಂದು ಬಗೆದು ಮಂಡಲದ ಹಾವಿಗೇ ಕೈಹಾಕುವುದು ಇನ್ನೊಂದು. ಮಲಯಾಳಿಗಳು ಅಣಲಿ ಎಂದು ಕರೆಯುವ ಈ ಹಾವು ಕಚ್ಚಿದರೆ ಆಸ್ಪತ್ರೆಯೇ ಗತಿ, ಅದೂ ಕೂಡಲೇ. ಗುರುತು ಗೊತ್ತಿದೆ ಎಂಬ ಧೈರ್ಯದ ಮೇಲೆ ಯಾರೂ, ಮುಖ್ಯವಾಗಿ ಮಕ್ಕಳು, ಗುಡ್ಡೆ ತೋಟಗಳಲ್ಲಿ ಹಾವು ಹಿಡಿಯಲು ಹೋಗಕೂಡದು.

ಇನ್ನು ವಿದೇಶದ ಬೋವಾ. ಇದು ಮಧ್ಯ ಹಾಗೂ ದಕ್ಷಿಣ ಅಮೆರಿಕದ ಹಾವು. ಹೆಬ್ಬಾವಿನ ದಾಯಾದಿ ಎನ್ನಬಹುದು. ಹೆಬ್ಬಾವು ಮೊಟ್ಟೆ ಇಡುತ್ತದೆ, ಬೋವಾ ಮರಿ ಹಾಕುತ್ತದೆ. ಇದನ್ನು ಸಾಕುವುದು ನಮ್ಮ ದೇಶದಲ್ಲಿ ಸಂಪೂರ್ಣ ನಿಷಿದ್ಧವಲ್ಲ. ಆದರೆ ವ್ಯಾಪಾರಿ ಹೇಳಿದಷ್ಟು ಸಸಾರವೂ ಅಲ್ಲ. ಹೊರದೇಶದಿಂದ ತರಿಸಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಿಗೆ ಬೇಕು, ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರದ ಅನುಮತಿ ಪತ್ರ ಬೇಕು. ಕಾಗದ ಪತ್ರವಿಲ್ಲದೆ ಇಂತಹ ಪ್ರಾಣಿಗಳನ್ನು ಇಟ್ಟುಕೊಂಡಿದ್ದವರು ಸ್ವಇಚ್ಛೆಯಿಂದ ತಿಳಿಸಲಿ ಎಂದು ಕೇಂದ್ರ ಸರಕಾರ 2020ರ ಜೂನಿನಲ್ಲಿ ಒಂದು ಅವಕಾಶ ಕೊಟ್ಟಿತ್ತು. ಆ ಬಾಗಿಲು ಮುಚ್ಚಿ ವರ್ಷಗಳಾದವು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2024ರ ಫೆಬ್ರವರಿಯಲ್ಲಿ ನೋಂದಣಿಯ ನಿಯಮಗಳು ಹೊರಟವು. ಅವುಗಳಂತೆ, ಆಗಲೇ ಸಾಕುತ್ತಿದ್ದವರಿಗೆ ಆರು ತಿಂಗಳ ವಾಯಿದೆ, ಆ ಬಳಿಕ ಕೊಂಡವರಿಗೆ 30 ದಿನಗಳ ವಾಯಿದೆ. ಪರಿವೇಶ್ ಎಂಬ ಸರಕಾರಿ ತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹೋಗಬೇಕು. ಹಾವು ಸತ್ತರೂ, ಮರಿ ಹಾಕಿದರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ‘ಕಾಗದ ಆಮೇಲೆ’ ಎಂದ ವ್ಯಾಪಾರಿಯ ಹತ್ತಿರ ಕಾಗದ ಇಲ್ಲ ಎಂದೇ ಅರ್ಥ. ಅಂಥವನ ಬಳಿ ಮಾತು ಮುಂದುವರಿಸದಿರುವುದೇ ಲೇಸು.

ಕಾಗದ ಪತ್ರವೆಲ್ಲ ಸರಿಯಾಗಿದೆ ಎಂದೇ ಇಟ್ಟುಕೊಳ್ಳೋಣ. ಆಗ ಆರಿಸುವುದು ಹೇಗೆ? ಕಾಡಿನಿಂದ ಹಿಡಿದದ್ದಲ್ಲ, ಸಾಕಿದಲ್ಲೇ ಹುಟ್ಟಿದ ಮರಿಯೇ ಆಗಬೇಕು. ಕಣ್ಣು ತಿಳಿಯಾಗಿರಬೇಕು, ಮೂಗು ಬಾಯಿಗಳಲ್ಲಿ ನೊರೆ ಗುಳ್ಳೆ ಇರಕೂಡದು, ಹುರುಪೆಯ ಸಂದಿಯಲ್ಲಿ ಉಣ್ಣಿ ಇರಕೂಡದು, ಹಳೆ ಪೊರೆ ಅಲ್ಲಲ್ಲಿ ಅಂಟಿಕೊಂಡಿರಕೂಡದು. ಕೈಯಲ್ಲಿ ಹಿಡಿದಾಗ ಮೈ ಗಟ್ಟಿಯಾಗಿ ಸುತ್ತಿಕೊಳ್ಳಬೇಕು. ತಲೆ ಆಕಾಶ ನೋಡುತ್ತಾ ತೂಗಾಡುತ್ತಿದ್ದರೆ ಅದು ಬೋವಾಗಳಲ್ಲಿ ಕಾಣುವ ವಾಸಿಯಾಗದ ರೋಗವೊಂದರ ಲಕ್ಷಣ ಇರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಕಣ್ಣೆದುರು ಒಮ್ಮೆ ಇಲಿ ತಿನ್ನಬೇಕು. ತಿನ್ನದ ಮರಿಯನ್ನು ‘ಮನೆಗೆ ಹೋದರೆ ತಿನ್ನುತ್ತದೆ’ ಎಂದು ಕೊಡುವವರಿದ್ದಾರೆ. ಮದುವೆಯಾದರೆ ಹುಡುಗ ಸರಿಹೋಗುತ್ತಾನೆ ಎನ್ನುವ ದಲ್ಲಾಳಿಯ ಮಾತು ಇದ್ದಂತೆ.

ಇಲಿಯ ವಿಷಯ ಬಂತು. ಹಾವಿಗೆ ಹಾಲು ಕುಡಿಸಬಹುದೆಂದು ತಿಳಿದವರು ಈಗಲೂ ನಮ್ಮಲ್ಲಿದ್ದಾರೆ. ನಾಗರ ಪಂಚಮಿಯ ದಿನ ಕಲ್ಲಿಗೆ ಎರೆಯುವ ಹಾಲು ನಮ್ಮ ಭಕ್ತಿ. ಜೀವಂತ ಹಾವಿಗೆ ಹಾಲು ಆಹಾರವಲ್ಲ. ಬೋವಾ ತಿನ್ನುವುದು ಇಲಿ, ಹೆಗ್ಗಣ, ಹಕ್ಕಿ. ಮರಿಗೆ ಹತ್ತು ಹದಿನಾಲ್ಕು ದಿನಗಳಿಗೊಮ್ಮೆ, ಬೆಳೆದದ್ದಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ. ಜೀವಂತ ಇಲಿಯನ್ನು ಬಿಟ್ಟರೆ ಇಲಿಯೇ ಹಾವನ್ನು ಕಚ್ಚಿ ಗಾಯ ಮಾಡುವುದುಂಟು. ಆದುದರಿಂದ ತಿಳಿದವರು ಕೊಂದು ಹೆಪ್ಪುಗಟ್ಟಿಸಿದ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ ಕೊಡುತ್ತಾರೆ. ಅದನ್ನು ಇಡುವುದೆಲ್ಲಿ? ಮನೆಯ ಫ್ರಿಜ್ಜಿನಲ್ಲಿ, ಹಾಲು ಮೊಸರಿನ ಪಕ್ಕದಲ್ಲಿ. ಪತ್ರ ಬರೆದ ವಾಚಕರು ತಮ್ಮ ಮನೆಯವರನ್ನು ಈ ಬಗ್ಗೆ ಕೇಳಿದ್ದಾರೋ ಇಲ್ಲವೋ ತಿಳಿಯದು. ತಿಂದ ಮೇಲೆ ಎರಡು ದಿನ ಹಾವನ್ನು ಮುಟ್ಟಬಾರದು, ಮುಟ್ಟಿದರೆ ಕಕ್ಕಿಬಿಡುತ್ತದೆ. ಹಾವನ್ನು ಮುಟ್ಟಿದ ಪ್ರತಿ ಸಲ ಸಾಬೂನು ಹಾಕಿ ಕೈ ತೊಳೆಯಬೇಕು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಹಾವುಗಳ ಮೈಮೇಲೆ ಇರುವುದು ಸಾಮಾನ್ಯ. ಕೈಕೂಸು ಇರುವ ಮನೆಯಲ್ಲಿ ಇದನ್ನು ಲಘುವಾಗಿ ಕಾಣುವಂತಿಲ್ಲ.

ಮುಂಗೈಗೆ ಬಳೆಯಂತೆ ಸುತ್ತಿಕೊಳ್ಳುವ ಮರಿ ಕೆಲವೇ ವರ್ಷಗಳಲ್ಲಿ ಆರರಿಂದ ಹತ್ತು ಅಡಿ ಬೆಳೆಯುತ್ತದೆ. ಹೆಣ್ಣಾದರೆ ಇನ್ನೂ ದಪ್ಪ, ಹತ್ತು ಕಿಲೋ ಮೀರುವುದೂ ಉಂಟು. ಆಗ ಅದಕ್ಕೆ ಕಡಿಮೆಯೆಂದರೂ ಆರಡಿ ಉದ್ದ, ಎರಡಡಿ ಅಗಲದ ಬೀಗ ಹಾಕುವ ಪೆಟ್ಟಿಗೆ ಬೇಕು, ಅಡಗಲು ಮರೆ ಬೇಕು, ಮೈ ಮುಳುಗುವಷ್ಟು ನೀರಿನ ತೊಟ್ಟಿ ಬೇಕು. ದೊಡ್ಡ ಹಾವನ್ನು ಒಬ್ಬರೇ ಎತ್ತುವಂತಿಲ್ಲ, ಇಬ್ಬರಿರಬೇಕು. ಪೆಟ್ಟಿಗೆಯ ಒಂದು ಬದಿ 30ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿ, ಇನ್ನೊಂದು ಬದಿ 26ರ ಆಸುಪಾಸು, ಗಾಳಿಯಲ್ಲಿ ಶೇಕಡಾ 60ರಷ್ಟಾದರೂ ತೇವ. ರಾತ್ರಿಯಲ್ಲೂ ತೀರಾ ತಣ್ಣಗಾಗಬಾರದು. ಕೂನೂರಿನ ಕಡೆ ಮಾರ್ಗಶಿರ, ಪುಷ್ಯ ಮಾಸದ ರಾತ್ರಿಗಳಲ್ಲಿ ಮನುಷ್ಯರೇ ಎರಡೆರಡು ಕಂಬಳಿ ಹೊದೆಯುತ್ತಾರೆ! ಅಲ್ಲಿ ಹಗಲಿರುಳೂ ಬಿಸಿ ಹಾಸು ಉರಿಯುತ್ತಿರಬೇಕು, ಬಿಸಿ ಹೆಚ್ಚಿ ಹಾವು ಸುಡದಂತೆ ಥರ್ಮೋಸ್ಟಾಟ್ ಇರಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಬದಲಿ ವ್ಯವಸ್ಥೆ ಇರಬೇಕು. ಇಲ್ಲದಿದ್ದರೆ ಶ್ವಾಸಕೋಶಕ್ಕೆ ಶೀತ ತಗಲಿ, ಹಾವು ಬಾಯಿ ತೆರೆದು ಉಸಿರಾಡುತ್ತಾ ದಿನಗಟ್ಟಲೆ ನರಳಿ ಸಾಯುತ್ತದೆ. ಕೂಗಲು ಅದಕ್ಕೆ ಸ್ವರವಿಲ್ಲ. ದನ ಎಮ್ಮೆ ನೋಡುವ ವೈದ್ಯರು ಎಲ್ಲ ಊರಲ್ಲೂ ಸಿಗಬಹುದು, ಹಾವಿಗೆ ಮದ್ದು ಮಾಡುವವರನ್ನು ದೊಡ್ಡ ಪಟ್ಟಣದಲ್ಲೇ ಹುಡುಕಬೇಕು.

ಇದೆಲ್ಲ ಎಷ್ಟು ಕಾಲ? ಚೆನ್ನಾಗಿ ನೋಡಿಕೊಂಡರೆ ಬೋವಾ ಇಪ್ಪತ್ತು, ಇಪ್ಪತ್ತೈದು, ಮೂವತ್ತು ವರ್ಷವೂ ಬದುಕುತ್ತದೆ. ಈಗ ಹತ್ತನೆಯಲ್ಲಿರುವ ಹುಡುಗ ಎರಡು ವರ್ಷದಲ್ಲಿ ಕಾಲೇಜಿಗೆಂದು ಕೊಯಂಬತ್ತೂರಿಗೋ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾನೆ. ಹಾಸ್ಟೆಲಿನಲ್ಲಿ ಹಾವಿಗೆ ಜಾಗ ಕೊಡುವುದಿಲ್ಲ. ಆಮೇಲೆ ಕೆಲಸ, ಮದುವೆ. ಅಷ್ಟು ವರ್ಷ ಪೆಟ್ಟಿಗೆಯ ಬಿಸಿ ನೋಡುವವರು, ಇಲಿ ಕರಗಿಸುವವರು ಯಾರು? ತಾಯಿ! ಪತ್ರದಲ್ಲಿ ಆ ತಾಯಿಯ ಅಭಿಪ್ರಾಯ ಒಂದು ಸಾಲೂ ಇರಲಿಲ್ಲ ಎಂಬುದನ್ನು ನಾವು ಗಮನಿಸಿದ್ದೇವೆ.

ಸಾಕಲಾರದೆ ಹೋದಾಗ ಜನ ಮಾಡುವುದೇನು? ರಾತ್ರಿ ಹೊತ್ತು ಚೀಲದಲ್ಲಿ ಹಾಕಿ ಕಾಡಿಗೆ ಬಿಟ್ಟು ಬರುವುದು. ಅದು ದಯೆಯಲ್ಲ. ನೀಲಗಿರಿಯ ಚಳಿಯಲ್ಲಿ ಬಿಟ್ಟರೆ ಹಾವು ಸಾಯುತ್ತದೆ. ನಮ್ಮ ಕಾಸರಗೋಡಿನಂತಹ ಬಿಸಿ ತೇವದ ಕರಾವಳಿಯಲ್ಲಿ ಬಿಟ್ಟರೆ ಬದುಕಿಬಿಡಬಹುದು, ಅದು ಇನ್ನೂ ಕೇಡು. ಕೆರಿಬಿಯನ್ ಸಮುದ್ರದ ಅರುಬಾ ದ್ವೀಪದಲ್ಲಿ 1999ರಲ್ಲಿ ಮೊದಲು ಕಂಡ ಬೋವಾ ಈಗ ಅಲ್ಲಿನ ಹಕ್ಕಿ ಹಲ್ಲಿಗಳಿಗೆ ಕಂಟಕವಾಗಿದೆ. ಅಮೆರಿಕದ ಫ್ಲೋರಿಡಾದಲ್ಲಿ ಸಾಕುಪ್ರಾಣಿ ವ್ಯಾಪಾರದಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಜೌಗು ಕಾಡಿನ ಸಣ್ಣ ಪ್ರಾಣಿಗಳನ್ನು ಬರಿದು ಮಾಡಿವೆ. ಅವುಗಳನ್ನು ಹಿಡಿಯಲು ದಾರಿ ಕಾಣದೆ 2017ರಲ್ಲಿ ಅಮೆರಿಕದವರು ಕರೆಸಿಕೊಂಡದ್ದು ಯಾರನ್ನು? ನಮ್ಮ ತಮಿಳುನಾಡಿನ ಇರುಳರಾದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರನ್ನು! ಎರಡು ವಾರದೊಳಗೆ 13 ಹೆಬ್ಬಾವುಗಳನ್ನು ಹಿಡಿದುಕೊಟ್ಟ ಇವರಿಬ್ಬರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹಾವಿನ ವಿದ್ಯೆಗೆ ಬೆಲೆಯಿಲ್ಲ ಎನ್ನುವವರು ಇದನ್ನು ನೆನಪಿಡಬೇಕು. ಇರುಳರ ಹಾವು ಹಿಡಿಯುವವರ ಸಹಕಾರ ಸಂಘ 1978ರಿಂದ ನಡೆದು ಬಂದಿದ್ದು, ಹಾವು ಕಡಿತದ ಮದ್ದಿಗೆ ಬೇಕಾದ ವಿಷವನ್ನು ಒದಗಿಸುತ್ತಿದೆ. ಚರ್ಮಕ್ಕಾಗಿ ಹಾವು ಕೊಲ್ಲುತ್ತಿದ್ದ ಜನ ಹಾವನ್ನು ಬದುಕಗೊಟ್ಟು ತಾವೂ ಬದುಕುವುದನ್ನು ಕಲಿತರು.

ಹುಡುಗನ ಆಸೆಯನ್ನು ಚಿವುಟಿ ಹಾಕಿ ಎಂದು ನಾವು ಹೇಳುತ್ತಿಲ್ಲ. ಹಾವೆಂದರೆ ದೊಣ್ಣೆ ಹುಡುಕುವ ಕಾಲದಲ್ಲಿ ಹಾವನ್ನು ಪ್ರೀತಿಸುವ ಒಬ್ಬ ಹುಡುಗ ಹುಟ್ಟಿಕೊಂಡರೆ ಅದು ಭಾಗ್ಯವೇ ಸರಿ. ಅವನನ್ನು ಚೆನ್ನೈಯ ಗಿಂಡಿ ಹಾವಿನ ಉದ್ಯಾನಕ್ಕೆ, ಮೈಸೂರು ಮೃಗಾಲಯಕ್ಕೆ ಕರೆದೊಯ್ಯಿರಿ. ರಜೆಗೆ ಊರಿಗೆ ಬಂದಾಗ ಕಣ್ಣೂರಿನ ಪರಶ್ಶಿನಿಕಡವು, ಮಂಗಳೂರಿನ ಪಿಲಿಕುಳ ದೂರವಲ್ಲ. ದೊಡ್ಡವನಾದ ಮೇಲೆ ಆಗುಂಬೆಯಲ್ಲಿ 2005ರಿಂದ ಇರುವ ಮಳೆಕಾಡು ಸಂಶೋಧನಾ ಕೇಂದ್ರವೂ ಇದೆ. ಅಜ್ಜನ ಮನೆಯ ನಾಗಬನವನ್ನೂ ಒಮ್ಮೆ ತೋರಿಸಿ. ನಾಲ್ಕು ಮರ, ಒಂದಿಷ್ಟು ಬಳ್ಳಿ, ಕತ್ತಿ ಕೊಡಲಿ ಹಾಕದ ಹತ್ತು ಸೆಂಟ್ಸು ಜಾಗ. ಹಾವಿಗೆ ಬೇಕಾದ್ದು ಇಷ್ಟೇ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಈಚೆಗೆ ಆ ಬನಗಳನ್ನು ಕಡಿದು ಕಾಂಕ್ರೀಟು ಕಟ್ಟೆ ಕಟ್ಟಿ ಟೈಲ್ಸು ಹಾಕುತ್ತಿರುವುದು ಬೇರೆಯೇ ವಿಷಯ, ಅದನ್ನು ಇನ್ನೊಂದು ದಿನ ಬರೆಯಬೇಕಾಗಿದೆ.

ಪತ್ರದ ಕೊನೆಯ ಮಾತು ನಮ್ಮನ್ನು ಹೆಚ್ಚು ಕಾಡಿತು: ನಮ್ಮ ಭಾಷೆಯಲ್ಲಿ ಹೇಳುವವರಿಲ್ಲ. ಹುಬ್ಬತಲೈ ಬಡಗರ ಹಟ್ಟಿ. ಬಡಗರಲ್ಲಿ ಮೊದಲ ಪದವೀಧರರೆಂದು ಹೆಸರಾದ ಆರಿ ಗೌಡರ ಊರು. ಅಲ್ಲಿನ ಮಾತು ನಮ್ಮ ಕನ್ನಡಕ್ಕೆ ಒಡಹುಟ್ಟಿದ ಹಾಗೆ ಕೇಳಿಸುತ್ತದೆ. ಅದು ಸ್ವತಂತ್ರ ಭಾಷೆ ಎಂದು ಬಡಗರು ಹೇಳುತ್ತಾರೆ, ಅವರ ಭಾಷೆಯ ಬಗ್ಗೆ ಅವರ ಮಾತೇ ನಮಗೆ ಪ್ರಮಾಣ. ಅಲ್ಲಿ ಅವರಿಗೂ ಕಾನೂನು ತಿಳಿಯುವುದು ಇಂಗ್ಲಿಷಿನಲ್ಲಿ ಅಥವಾ ತಮಿಳಿನಲ್ಲಿ, ಇಲ್ಲಿ ನಮಗೆ ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ. ವ್ಯಾಪಾರಿ ಮಾತ್ರ ಎಲ್ಲರ ಭಾಷೆಯಲ್ಲೂ ಮಾತನಾಡುತ್ತಾನೆ! ಅರಿಯದೆ ತಪ್ಪು ಮಾಡಿದೆ ಎಂದರೆ ನ್ಯಾಯಾಲಯ ಬಿಡುವುದಿಲ್ಲ, ಅರಿಯುವ ಹಾಗೆ ಹೇಳುವ ಹೊಣೆಯನ್ನು ಇಲಾಖೆ ಹೊರುವುದಿಲ್ಲ. ಕೇರಳದ 1969ರ ಅಧಿಕೃತ ಭಾಷೆಗಳ ಕಾನೂನಿನಂತೆ ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅಹವಾಲನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ದೇಶದ ಎಲ್ಲರಿಗೂ ಕೊಟ್ಟಿದೆ. ಹಾವು, ಆಮೆ, ಗಿಳಿ ಸಾಕುವ ಬಗ್ಗೆ ಇರುವ ನಿಯಮಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚುಹಾಕಿ ಗಡಿನಾಡಿನ ಶಾಲೆಗಳಿಗೆ, ಪಂಚಾಯತು ಕಚೇರಿಗಳಿಗೆ ಕಳುಹಿಸುವುದು ಅರಣ್ಯ ಇಲಾಖೆಗೆ ದೊಡ್ಡ ಖರ್ಚಿನ ಕೆಲಸವೇನಲ್ಲ. ಸಂಬಂಧಪಟ್ಟವರು ಈ ಕಡೆ ಗಮನಹರಿಸಬೇಕು.

ಹುಬ್ಬತಲೈಯ ವಾಚಕರಿಗೆ ಈ ಸಂಚಿಕೆಯನ್ನು ಎಂದಿನಂತೆ ಅಂಚೆಯಲ್ಲಿ ಕಳುಹಿಸುತ್ತಿದ್ದೇವೆ. ಜತೆಗೆ ಅವರ ಮಗನಿಗೆಂದು ಒಂದು ಖಾಲಿ ನೋಟ್ ಬುಕ್ ಇಟ್ಟಿದ್ದೇವೆ. ಮಣ್ಣುಹಾವಿನ ಚಿತ್ರ ಬರೆದು ಕಳುಹಿಸಿದರೆ ಭಾನುವಾರದ ಮಕ್ಕಳ ಪುಟದಲ್ಲಿ ಪ್ರಕಟಿಸುತ್ತೇವೆ.